ಗ್ವಾಂಗ್‌ಝೌಗೆ ಹೊರಟ್ರಾ? ಮೊದ್ಲು ಫೋನ್ ರೆಡಿ ಮಾಡ್ಕೊಳ್ಳಿ

ಚೀನಾದ ಗ್ವಾಂಗ್‌ಝೌಗೆ ವ್ಯಾಪಾರದ ಮೇಲೆ ಹೋಗೋರು ಏನಾದ್ರೂ ಕೇಳೋದಿದ್ರೆ ಕೇಳಿ ಅಂತ ಹೋದ ಸಂಚಿಕೇಲಿ ಬರ್ದಿದ್ವಿ. ಬಂದಿರೋ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಅಲ್ಲಿ ನಡೆಯೋ ದೊಡ್ಡ ವ್ಯಾಪಾರ ಮೇಳ ಕ್ಯಾಂಟನ್ ಫೇರ್ ಬಗ್ಗೆನೇ. ಅದೂ ಸರೀನೇ, 1957ರಿಂದ ನಡ್ಕೊಂಡು ಬರ್ತಿರೋ ಮೇಳ ಅದು, ಏಪ್ರಿಲಲ್ಲಿ ಒಂದ್ಸಲ ಅಕ್ಟೋಬರಲ್ಲಿ ಒಂದ್ಸಲ, ನಮ್ಮ ಚಿಕ್ಕಪೇಟೆ, ಎಸ್‌ಪಿ ರೋಡಿನ ಎಷ್ಟೋ ಮಾಲಿನ ಮೂಲ ಹುಡುಕ್ತಾ ಹೋದ್ರೆ ಅಲ್ಲಿಗೇ ಮುಟ್ಟತ್ತೆ. ಒಂದೇ ಥರದ ಪ್ರಶ್ನೆಗಳನ್ನ ಸೇರಿಸಿ ಉತ್ತರ ಕೊಟ್ಟಿದೀನಿ. ಸುತ್ತಾಡೋ ಜಾಗಗಳ ಬಗ್ಗೆ ಕೇಳಿದವ್ರು ದಯವಿಟ್ಟು ಕ್ಷಮಿಸಿ, ಈ ಸಲ ಬರೀ ಕೆಲಸದ ಮಾತು.

ಪ್ರಶ್ನೆ: ಸರ್, ನಮ್ದು ಹಾರ್ಡ್‌ವೇರ್ ಮತ್ತೆ ಸ್ಯಾನಿಟರಿ ಅಂಗಡಿ. ಅಕ್ಟೋಬರ್ ಫೇರ್‌ಗೆ ನಾನು, ನನ್ನ ತಮ್ಮ ಮೊದಲ್ನೇ ಸಲ ಹೊರಟಿದೀವಿ. ಏಜೆಂಟ್ ನಾಲ್ಕು ರಾತ್ರಿ ಐದು ದಿನದ ಪ್ಯಾಕೇಜ್ ಕೊಡ್ತೀನಿ ಅಂತಿದಾನೆ. ಸಾಕಾಗತ್ತಾ? (ದಾವಣಗೆರೆ)

ಎಷ್ಟು ದಿನ ಅನ್ನೋಕ್ಕಿಂತ ಯಾವ ತಾರೀಕಿನಿಂದ ಯಾವ ತಾರೀಕು ಅಂತ ಏಜೆಂಟನ್ನ ಮೊದ್ಲು ಕೇಳಿ. ಫೇರ್ ಒಂದೇ ಓಟಕ್ಕೆ ನಡೆಯಲ್ಲ, ಮೂರು ಕಂತು. ಅಕ್ಟೋಬರ್ 15ರಿಂದ 19 ಮೊದಲ್ನೇದು, 23ರಿಂದ 27 ಎರಡನೇದು, 31ರಿಂದ ನವೆಂಬರ್ 4 ಮೂರನೇದು. ಹಾರ್ಡ್‌ವೇರ್, ಟೂಲ್ಸ್, ಮಷಿನರಿ, ಎಲೆಕ್ಟ್ರಾನಿಕ್ಸ್ ಮೊದಲ್ನೇ ಕಂತಲ್ಲಿ. ನಲ್ಲಿ, ಬೇಸಿನ್, ಟೈಲ್ಸ್, ಫರ್ನಿಚರ್, ಪಾತ್ರೆಪಗಡ, ಗಿಫ್ಟ್ ಐಟಂ ಎರಡನೇದ್ರಲ್ಲಿ. ಬಟ್ಟೆ, ಆಟಿಕೆ, ಸ್ಟೇಷನರಿ ಎಲ್ಲಾ ಮೂರನೇದು. ಹಂಗಾಗಿ ನಿಮ್ಮ ಪ್ಯಾಕೇಜಲ್ಲಿ ಅರ್ಧ ಅಂಗಡಿ ಮಾತ್ರ ಕವರ್ ಆಗತ್ತೆ, ಇನ್ನರ್ಧದ ಮಾಲು ಅಲ್ಲಿಗೆ ಬರೋಷ್ಟರಲ್ಲಿ ನೀವು ದಾವಣಗೆರೇಲಿ ಇರ್ತೀರ.

ನಾನಾಗಿದ್ರೆ 16ಕ್ಕೆ ಮುಟ್ಟಿ 17, 18 ಪೂರ್ತಿ ಹಾರ್ಡ್‌ವೇರ್ ನೋಡ್ತಿದ್ದೆ. 19ನ್ನ ನಂಬ್ಕೋಬೇಡಿ, ಕೊನೇ ದಿನ ಮಧ್ಯಾಹ್ನ ಆಗ್ತಿದ್ದಂಗೆ ಎಷ್ಟೋ ಸ್ಟಾಲಿನವ್ರು ಡಬ್ಬ ಕಟ್ಟೋಕೆ ಶುರು ಮಾಡಿರ್ತಾರೆ. 20ರಿಂದ 22 ಖಾಲಿ ಸಿಗತ್ತಲ್ಲ, ಆ ಮೂರು ದಿನಾನೇ ಬಂಗಾರ. ಪಕ್ಕದ ಫೋಶಾನ್ ಊರು ಟೈಲ್ಸ್‌ಗೆ, ಸ್ಯಾನಿಟರಿಗೆ ಹೆಸರುವಾಸಿ, ಗ್ವಾಂಗ್‌ಝೌದಿಂದ ಅಲ್ಲಿಗೆ ಮೆಟ್ರೋನೇ ಇದೆ, ಫ್ಯಾಕ್ಟರಿ ಶೋರೂಮ್‌ಗಳನ್ನ ನಿಧಾನಕ್ಕೆ ನೋಡಬಹುದು. ಆಮೇಲೆ 23, 24 ಎರಡನೇ ಕಂತು ನೋಡ್ಕೊಂಡು ವಾಪಸ್. ನವರಾತ್ರಿನೋ ದೀಪಾವಳಿನೋ ಅಡ್ಡ ಬರೋದು ಹೆಚ್ಚೂಕಮ್ಮಿ ಗ್ಯಾರಂಟಿ, ಸೀಸನ್ನಲ್ಲಿ ಅಣ್ಣ ತಮ್ಮ ಇಬ್ರೂ ಅಂಗಡಿ ಬಿಟ್ಟು ಹೋಗೋದು ಕಷ್ಟ ಅನ್ಸಿದ್ರೆ ಒಬ್ರು ಅಕ್ಟೋಬರ್ ಹೋಗಿ, ಇನ್ನೊಬ್ರು ಏಪ್ರಿಲ್‌ಗೆ ಹೋಗಿ. ಏಪ್ರಿಲ್ ಫೇರ್ 15ಕ್ಕೆ ಶುರುವಾಗಿ ಮೇ 5ರವರೆಗೆ ಇರತ್ತೆ, ಆದ್ರೆ ಆಗ ಮಳೆ, ಸೆಖೆ, ಮೈಯೆಲ್ಲಾ ಅಂಟಂಟು.

ಫೇರ್ ನಡೆಯೋ ಜಾಗ ಪಝೌ ಅಂತ. ಒಟ್ಟು ವಿಸ್ತೀರ್ಣ 15 ಲಕ್ಷ ಚದರ ಮೀಟರ್ ಮೀರಿದೆ, ಎಲ್ಲಾ ನೋಡ್ಬಿಡ್ತೀವಿ ಅನ್ನೋ ಆಸೆ ಬಿಟ್ಬಿಡಿ, ನಿಮಗೆ ಬೇಕಾದ ಹಾಲ್ ನಂಬರ್‌ಗಳನ್ನ ವೆಬ್‌ಸೈಟಲ್ಲಿ ನೋಡಿ ಮನೇಲೇ ಬರ್ಕೊಂಡು ಹೋಗಿ. ಕಾಲಿಗೆ ಹಳೇ ಶೂ. ಕ್ಯಾಟಲಾಗ್ ಗುಡ್ಡೆ ಹಾಕ್ಕೊಂಡು ಬರೋರಿದಾರೆ, ಹತ್ತು ಕೆಜಿ ಕಾಗದ ಹೊತ್ತು ಊರಿಗೆ ತಂದು ಅಟ್ಟಕ್ಕೆ ಹಾಕೋದು ಅಷ್ಟೇ. ಅದ್ರ ಬದ್ಲು ಸ್ಟಾಲ್ ನಂಬರ್ ಬೋರ್ಡಿನ ಫೋಟೋ, ಮಾಲಿನ ಫೋಟೋ, ಅದ್ರ ಪಕ್ಕದಲ್ಲೇ ಅವ್ರ ವಿಸಿಟಿಂಗ್ ಕಾರ್ಡ್ ಇಟ್ಟು ರೇಟ್ ಬರ್ದು ಇನ್ನೊಂದು ಫೋಟೋ, ಇದೇ ಆರ್ಡರಲ್ಲಿ ತಗೊಳ್ತಾ ಹೋಗಿ, ರಾತ್ರಿ ರೂಮಿಗೆ ಬಂದ್ಮೇಲೆ ಯಾವ ಹಿಂಜ್ ಯಾರದ್ದು ಅಂತ ತಲೆ ಕೆರ್ಕೊಳ್ಳೋದು ತಪ್ಪತ್ತೆ. ಇನ್ನೊಂದು ಮಾತು, ಎಲ್ಲರಿಗೂ ನಿಮ್ಮ ಫ್ಯಾಕ್ಟರಿ ಯಾವ ಊರಲ್ಲಿದೆ ಅಂತ ಕೇಳಿ. ಹಾರ್ಡ್‌ವೇರಿನವ್ರಲ್ಲಿ ಸುಮಾರು ಜನ ಯೋಂಗ್‌ಕಾಂಗ್, ನಿಂಗ್ಬೋ ಕಡೆಯವ್ರು, ಅದು ಝೆಜಿಯಾಂಗ್ ಪ್ರಾಂತ್ಯ, ಗ್ವಾಂಗ್‌ಝೌದಿಂದ ನಾಳೆ ಬೆಳಗ್ಗೆ ಹೋಗಿ ಸಂಜೆ ಬರೋ ದೂರ ಅಲ್ಲ.

ರೂಮ್ ಬಗ್ಗೆ: ಫೇರ್ ಟೈಮಲ್ಲಿ ಪಝೌ ಸುತ್ತಮುತ್ತ ರೇಟ್ ಆಕಾಶದಲ್ಲಿರತ್ತೆ. ಮೆಟ್ರೋ 8ನೇ ಲೈನ್ ಮೇಲೆ ಎಲ್ಲಾದ್ರೂ ಹಿಡೀರಿ, ಝೋಂಗ್‌ದಾ, ಶಿಯಾವ್‌ಗಾಂಗ್, ಚಾಂಗ್‌ಗಾಂಗ್ ಕಡೆ, ಟ್ರೈನ್ ಬದಲಾಯಿಸ್ದೇ ಫೇರ್ ಬಾಗ್ಲಿಗೆ ಇಳೀಬಹುದು. ಏರ್‌ಪೋರ್ಟಿಂದ 3ನೇ ಲೈನ್, ಕೆತ್ಸುನ್ ಸ್ಟೇಷನ್ನಲ್ಲಿ 8ಕ್ಕೆ ಬದಲಾವಣೆ. ಆದ್ರೆ 3ನೇ ಲೈನ್ ಆಫೀಸ್ ಟೈಮಲ್ಲಿ ಸೂಟ್‌ಕೇಸ್ ಇಟ್ಕೊಂಡು ಹತ್ತೋಕಾಗಲ್ಲ, ಮೆಜೆಸ್ಟಿಕ್ ರಶ್ ಏನೂ ಅಲ್ಲ ಅದ್ರ ಮುಂದೆ. ಪ್ರತಿ ಸ್ಟೇಷನ್ನಲ್ಲೂ ಬ್ಯಾಗ್ ಸ್ಕ್ಯಾನ್ ಬೇರೆ.

ಪ್ರಶ್ನೆ: ನಮಸ್ಕಾರ್ರೀ. ನಾವು ಹುಬ್ಬಳ್ಳಿಯವ್ರು, ವೀಸಾ ಎಲ್ಲಿ ಮಾಡಸ್ಬೇಕ್ರಿ? ಮತ್ತ ಹಾಂಗ್‌ಕಾಂಗ್ ಮ್ಯಾಲಿಂದ ಹೋದ್ರ ಸಸ್ತಾ ಆಕ್ಕೈತಿ ಅಂತಾರ, ಖರೇ ಏನ್ರಿ? (ಹುಬ್ಬಳ್ಳಿ)

ವ್ಯಾಪಾರಕ್ಕೆ ಬೇಕಾಗಿರೋದು ಎಂ ವೀಸಾ. ಅದಕ್ಕೆ ಚೀನಾ ಕಡೆಯಿಂದ ಆಹ್ವಾನ ಪತ್ರ ಬೇಕು. ಗುರುತಿರೋ ಸಪ್ಲೈಯರ್ ಇಲ್ಲದಿದ್ರೆ ಚಿಂತೆ ಬೇಡ, ಫೇರ್ ವೆಬ್‌ಸೈಟಲ್ಲಿ ಬಯರ್ ಅಂತ ರಿಜಿಸ್ಟರ್ ಮಾಡಿದ್ರೆ ಅವ್ರದ್ದೇ ಆಹ್ವಾನ ಸಿಗತ್ತೆ, ಫೇರ್ ಒಳಗೆ ಹೋಗೋಕೆ ಬೇಕಾದ ಬ್ಯಾಡ್ಜಿಗೆ ಅರ್ಜೀನೂ ಅಲ್ಲೇ. ನಮ್ಮ ಕರ್ನಾಟಕ ಮುಂಬೈ ಕಾನ್ಸುಲೇಟ್ ವ್ಯಾಪ್ತಿಗೆ ಬರತ್ತೆ, ಫಾರ್ಮ್ ಆನ್‌ಲೈನಲ್ಲಿ ತುಂಬಿ ಆಮೇಲೆ ಪಾಸ್‌ಪೋರ್ಟ್ ಒಪ್ಪಿಸೋದು. ಒಂದು ತಿಂಗಳು ಮುಂಚೆ ಕೈ ಹಾಕಿ. ಅಕ್ಟೋಬರ್ 1ರಿಂದ ಚೀನಾದಲ್ಲಿ ರಾಷ್ಟ್ರೀಯ ದಿನದ ವಾರದ ರಜೆ ಅನ್ನೋದು ಲೆಕ್ಕದಲ್ಲಿರ್ಲಿ. ಯೂಟ್ಯೂಬಲ್ಲಿ 240 ಗಂಟೆ ವೀಸಾ ಇಲ್ದೇ ಇರಬಹುದು ಅಂತ ಹೇಳ್ತಾರಲ್ಲ, ಆ ಪಟ್ಟೀಲಿ ಭಾರತದ ಹೆಸರಿಲ್ಲ.

ಡೈರೆಕ್ಟ್ ಫ್ಲೈಟ್ ಐದು ವರ್ಷ ನಿಂತೇ ಹೋಗಿತ್ತು, 2025ರ ಅಕ್ಟೋಬರ್ 26ಕ್ಕೆ ಕೋಲ್ಕತ್ತಾದಿಂದ ಗ್ವಾಂಗ್‌ಝೌಗೆ ಮತ್ತೆ ಶುರುವಾಯ್ತು, ಅದಾದ್ಮೇಲೆ ದೆಹಲಿಯಿಂದ. ಬೆಂಗಳೂರಿಂದ ಹೋಗೋರು ಹಾಂಗ್‌ಕಾಂಗ್, ಬ್ಯಾಂಕಾಕ್, ಸಿಂಗಾಪುರ, ಕೌಲಾಲಂಪುರ ಹೀಗೆ ಯಾವುದಾದ್ರೂ ಒಂದರ ಮೇಲೆ ಹೋಗೋದು ರೂಢಿ. ಹಾಂಗ್‌ಕಾಂಗ್ ದಾರಿ ಚೆನ್ನಾಗೇ ಇದೆ ರೀ, ಊರೊಳಗಿರೋ ವೆಸ್ಟ್ ಕೌಲೂನ್ ಸ್ಟೇಷನ್ನಿಂದ ಹೈಸ್ಪೀಡ್ ಟ್ರೈನು ಹೆಚ್ಚೂಕಮ್ಮಿ ಒಂದು ಗಂಟೇಲಿ ಗ್ವಾಂಗ್‌ಝೌ ಸೌತ್‌ಗೆ ಬಿಡತ್ತೆ, ಎರಡೂ ಕಡೆಯ ಇಮಿಗ್ರೇಷನ್ ಆ ಸ್ಟೇಷನ್ನಲ್ಲೇ ಮುಗಿಯತ್ತೆ. ಹಾಂಗ್‌ಕಾಂಗ್ ಏರ್‌ಪೋರ್ಟಿಂದ ಹೊರಗೆ ಬರೋದಿದ್ರೆ ಭಾರತೀಯರು ಮೊದ್ಲೇ ಆನ್‌ಲೈನಲ್ಲಿ ಪ್ರೀ ಅರೈವಲ್ ರಿಜಿಸ್ಟ್ರೇಷನ್ ಮಾಡಿ ಪ್ರಿಂಟ್ ಇಟ್ಕೊಂಡಿರ್ಬೇಕು, ದುಡ್ಡು ಕೇಳಲ್ಲ, 14 ದಿನದವರೆಗೆ ಇರ್ಬಹುದು. ಒಂದೇ ಒಂದು ಗುಂಡಿ ಇದೆ ಇಲ್ಲಿ: ನಿಮ್ಮದು ಸಿಂಗಲ್ ಎಂಟ್ರಿ ವೀಸಾ ಆಗಿದ್ದು, ನಡುವೆ ಎರಡು ದಿನ ಬಿಡುವಿದೆ ಹಾಂಗ್‌ಕಾಂಗ್ ನೋಡ್ಕೊಂಡ್ ಬರೋಣ ಅಂತ ಹೋದ್ರೆ ವಾಪಸ್ ಬರೋಕಾಗಲ್ಲ. ಅಲ್ಲಿಗೆ ಕಾಲಿಟ್ರೆ ಚೀನಾದಿಂದ ಹೊರಗೆ ಹೋದಂಗೇ ಲೆಕ್ಕ.

ಪ್ರಶ್ನೆ: ಅಲ್ಲಿ ವಾಟ್ಸಾಪ್ ಇಲ್ಲ, ಗೂಗಲ್ ಇಲ್ಲ, ಕಾರ್ಡ್ ಉಜ್ಜಲ್ಲ, ಕ್ಯಾಶೂ ತಗೊಳಲ್ಲ ಅಂತೆಲ್ಲಾ ಹೆದ್ರಿಸ್ತಿದಾರೆ. ಮತ್ತೆ ಬದುಕೋದ್ ಹೆಂಗೆ? (ಬೆಂಗಳೂರು, ಇನ್ನೂ ಹಲವರು)

ಹೆದ್ರೋಂಥದ್ದೇನಿಲ್ಲ, ಆದ್ರೆ ಇದೆಲ್ಲಾ ಮಾಡ್ಕೋಬೇಕಾಗಿರೋದು ಮನೇಲಿ ಸೋಫಾ ಮೇಲೆ ಕೂತ್ಕೊಂಡು, ಗ್ವಾಂಗ್‌ಝೌ ಏರ್‌ಪೋರ್ಟಲ್ಲಿ ನಿಂತ್ಕೊಂಡಲ್ಲ. ಫೇರಿಗೆ ಹೋಗಿ ಪರದಾಡೋ ನಮ್ಮೋರಲ್ಲಿ ಬಹಳ ಜನಕ್ಕೆ ತೊಂದ್ರೆ ಭಾಷೆದಲ್ಲ, ಫೋನಿಂದೇ.

ಅಲ್ಲಿನ ಸಿಮ್ಮಲ್ಲಿ, ಹೋಟೆಲ್ ವೈಫೈನಲ್ಲಿ ವಾಟ್ಸಾಪ್, ಜೀಮೇಲ್, ಗೂಗಲ್, ಯೂಟ್ಯೂಬ್ ಯಾವುದೂ ತೆರ್ಕೊಳಲ್ಲ. ಆದ್ರೆ ನಮ್ಮ ಸಿಮ್ಮಿಗೆ ಇಂಟರ್‌ನ್ಯಾಷನಲ್ ರೋಮಿಂಗ್ ಹಾಕ್ಸಿದ್ರೆ ಡೇಟಾ ನಮ್ಮ ಕಂಪನಿ ಮೂಲಕಾನೇ ಸುತ್ತಿ ಬರೋದ್ರಿಂದ ಇವೆಲ್ಲಾ ನಡೆಯತ್ತೆ. ಹಂಗಾಗಿ ರೋಮಿಂಗ್ ಪ್ಯಾಕ್ ದುಬಾರಿ ಅಂತ ಜಿಪುಣತನ ಮಾಡ್ಬೇಡಿ, ಬ್ಯಾಂಕಿನ ಓಟಿಪಿ ಬರೋದೂ ಅದೇ ನಂಬರಿಗೆ. ವೀಚಾಟ್ ಅಂದ್ರೆ ಅಲ್ಲಿನವ್ರ ವಾಟ್ಸಾಪ್ ಇದ್ದಂಗೆ, ಅದ್ರ ಅಕೌಂಟ್ ಹೊಸದಾಗಿ ತೆರೆಯೋಕೆ ಕೆಲವ್ರಿಗೆ ಈಗಾಗ್ಲೇ ವೀಚಾಟ್ ಇರೋ ಒಬ್ರು ಕೋಡ್ ಸ್ಕ್ಯಾನ್ ಮಾಡಿ ಕೊಡ್ಬೇಕಾಗತ್ತೆ, ಅಂಥೋರನ್ನ ಊರಲ್ಲೇ ಹುಡುಕ್ಕೊಳ್ಳಿ. ವೀಚಾಟ್ ಇಲ್ಲ ಅಂದ್ರೆ ಸಪ್ಲೈಯರ್ ಹತ್ರ ಮಾತೇ ಮುಂದುವರಿಯಲ್ಲ, ಇಮೇಲ್ ಕಳ್ಸಿದ್ರೆ ಮೂರು ದಿನ ಬಿಟ್ಟು ನೋಡ್ತಾರೆ, ವೀಚಾಟಲ್ಲಾದ್ರೆ ರಾತ್ರಿ ಹನ್ನೊಂದಕ್ಕೂ ಉತ್ತರ. ಮ್ಯಾಪಿಗೆ ಆಮ್ಯಾಪ್ ಹಾಕ್ಕೊಳ್ಳಿ, ಇಂಗ್ಲಿಷಲ್ಲೂ ಇದೆ, ಗೂಗಲ್ ಮ್ಯಾಪ್ ಅಲ್ಲಿ ನಿಮ್ಮನ್ನ ಪಕ್ಕದ ರಸ್ತೇಲಿ ತೋರ್ಸತ್ತೆ. ಹೋಟೆಲ್ ಹೆಸರು, ವಿಳಾಸ ಚೀನೀ ಅಕ್ಷರದಲ್ಲಿ ಇರೋ ಸ್ಕ್ರೀನ್‌ಶಾಟ್ ಒಂದು ಗ್ಯಾಲರೀಲಿರ್ಲಿ, ಟ್ಯಾಕ್ಸಿಯವನಿಗೆ ಇಂಗ್ಲಿಷ್ ವಿಳಾಸ ತೋರ್ಸಿ ಏನೂ ಪ್ರಯೋಜನ ಇಲ್ಲ.

ಇನ್ನು ದುಡ್ಡು. ಅಲಿಪೇ ಅನ್ನೋ ಪೇಮೆಂಟ್ ಆ್ಯಪ್ ಹಾಕ್ಕೊಂಡು, ಪಾಸ್‌ಪೋರ್ಟ್ ಅಪ್‌ಲೋಡ್ ಮಾಡಿ, ವೀಸಾ ಕಾರ್ಡ್ ಅಥವಾ ಮಾಸ್ಟರ್‌ಕಾರ್ಡ್ ಲಿಂಕ್ ಮಾಡಿ. ಕಾರ್ಡಿಗೆ ಇಂಟರ್‌ನ್ಯಾಷನಲ್ ಬಳಕೆ ಆನ್ ಆಗಿದೆಯಾ ಅಂತ ಬ್ಯಾಂಕ್ ಆ್ಯಪಲ್ಲಿ ನೋಡಿ, ಹೊಸ ಕಾರ್ಡುಗಳಲ್ಲಿ ಅದು ಆಫ್ ಆಗೇ ಬಂದಿರತ್ತೆ. ಎರಡು ಬೇರೆ ಬೇರೆ ಬ್ಯಾಂಕಿನ ಕಾರ್ಡ್ ಹಾಕಿದ್ರೆ ಒಳ್ಳೇದು, ಒಂದು ಕೈ ಕೊಟ್ರೆ ಇನ್ನೊಂದು. 200 ಯುವಾನ್ ಒಳಗಿನ ಪಾವತಿಗೆ ಅಲಿಪೇ ಫೀಸ್ ಇಲ್ಲ, ಅದ್ರ ಮೇಲಾದ್ರೆ 3 ಪರ್ಸೆಂಟ್, ನಿಮ್ಮ ಬ್ಯಾಂಕಿನ ಫಾರೆಕ್ಸ್ ಚಾರ್ಜ್ ಬೇರೆ. ನಮ್ಮ ಯುಪಿಐ ಥರಾನೇ, ಜೋಳ ಮಾರೋ ಅಜ್ಜಿ ಗಾಡೀಗೂ ಕೋಡ್ ಅಂಟಿಸಿರತ್ತೆ, ಮೆಟ್ರೋ, ಟ್ಯಾಕ್ಸಿ ಎಲ್ಲಾ ಅದ್ರಲ್ಲೇ. ಆದ್ರೂ ಒಂದು ಸಾವಿರ ಯುವಾನ್ ನೋಟು, ಅಂದ್ರೆ ಹನ್ನೆರಡು ಸಾವಿರ ರೂಪಾಯಿ ಆಸುಪಾಸು, ಜೇಬಲ್ಲಿರ್ಲಿ. ಕ್ಯಾಶ್ ಬೇಡ ಅನ್ನೋ ಹಾಗಿಲ್ಲ ಅಂತ ಅಲ್ಲಿ ಕಾನೂನೇ ಇದೆ, ಆದ್ರೆ ಚಿಲ್ಲರೆ ಕೊಡೋಕೆ ಪರದಾಡ್ತಾರೆ.

ಮಾಲಿನ ದುಡ್ಡನ್ನ ಮಾತ್ರ ಅಲಿಪೇಲಿ, ಕ್ಯಾಶಲ್ಲಿ, ಯಾರೋ ಪರಿಚಯದವ್ರ ಕೈಲಿ ಕೊಡೋ ಕೆಲಸ ಬೇಡವೇ ಬೇಡ. ಅದು ನಿಮ್ಮ ಬ್ಯಾಂಕಿಂದ ಇಂಪೋರ್ಟ್ ಪೇಮೆಂಟ್ ಅಂತ ಇನ್‌ವಾಯ್ಸ್ ಸಮೇತ ಹೋಗ್ಬೇಕು, ಅದಕ್ಕೆ ಐಇಸಿ ನಂಬರ್, ಅಂದ್ರೆ ಇಂಪೋರ್ಟ್ ಎಕ್ಸ್‌ಪೋರ್ಟ್ ಕೋಡ್ ಬೇಕು. ಅದು ಇಲ್ದೇ ಹೋದ್ರೆ ಈ ಸಲದ್ದು ಬರೀ ನೋಡ್ಕೊಂಡ್ ಬರೋ ಟ್ರಿಪ್ ಅಂದ್ಕೊಳ್ಳಿ.

ಪ್ರಶ್ನೆ: ನಾವು ಶುದ್ಧ ಸಸ್ಯಾಹಾರಿಗಳು, ಈರುಳ್ಳಿ ಬೆಳ್ಳುಳ್ಳಿ ಕೂಡ ತಿನ್ನಲ್ಲ. ಉಪವಾಸಾನೇ ಗತಿಯಾ? (ತುಮಕೂರು)

ನಿಮಗೆ ಆಶ್ಚರ್ಯ ಆಗಬಹುದು, ಈರುಳ್ಳಿ ಬೆಳ್ಳುಳ್ಳಿ ತಿನ್ನೋ ಸಸ್ಯಾಹಾರಿಗಳಿಗಿಂತ ನಿಮಗೇ ಅಲ್ಲಿ ಸುಲಭ. ಬೌದ್ಧರ ಸಸ್ಯಾಹಾರಿ ಹೋಟ್ಲುಗಳಲ್ಲಿ ಈರುಳ್ಳಿ ಬೆಳ್ಳುಳ್ಳಿ ಎರಡನ್ನೂ ಹಾಕಲ್ಲ, ದೇವಸ್ಥಾನಗಳ ಹತ್ರ ಇಂಥವು ಸಿಗ್ತವೆ, ಬೀಜಿಂಗ್ ರಸ್ತೆಯ ದಾಫೋ ದೇವಾಲಯದ ಹತ್ರಾನೂ ಇದೆ. ಅಲ್ಲಿ ಮೀನು, ಬಾತುಕೋಳಿ ಥರಾನೇ ಕಾಣೋ ಪದಾರ್ಥ ತಂದಿಡ್ತಾರೆ, ಗಾಬರಿ ಆಗ್ಬೇಡಿ, ಸೋಯಾನೋ ಅಣಬೇನೋ ಆಗಿರತ್ತೆ. ಹಾಲು ಮೊಟ್ಟೆ ಮಾತ್ರ ಕೇಳಿ ತಿಳ್ಕೊಳ್ಳಿ.

ಮಾಮೂಲಿ ಹೋಟ್ಲಲ್ಲಿ ಎಚ್ಚರ. ಹುರುಳಿಕಾಯಿ ಪಲ್ಯ ಅಂತ ಬಂದ ತಟ್ಟೇಲಿ ಸಣ್ಣಗೆ ಕೊಚ್ಚಿದ ಹಂದಿ ಮಾಂಸ ಇರೋದು ಸಾಮಾನ್ಯ, ಸೊಪ್ಪಿಗೆ ಆಯ್ಸ್ಟರ್ ಸಾಸ್, ಬೇಯಿಸೋಕೆ ಕೋಳಿ ಸಾರು ಅಥವಾ ಹಂದಿ ಕೊಬ್ಬು. ಬೇಕರೀಲಿ ಬನ್ ಮೇಲೆ ತೆಂಗಿನ ತುರಿ ಹುರಿದು ಉದುರಿಸಿದಂಗೆ ಕಂದು ಬಣ್ಣದ ಎಳೆ ಎಳೆ ಕಾಣ್ಸತ್ತಲ್ಲ, ಅದೂ ಒಣಗಿಸಿದ ಮಾಂಸಾನೇ. ‘ವೋ ಚಿ ಸು’ ಅಂದ್ರೆ ನಾನು ಸಸ್ಯಾಹಾರಿ ಅಂತ, ಆದ್ರೆ ಬರೀ ಬಾಯಲ್ಲಿ ಹೇಳಿ ಬಿಡ್ಬೇಡಿ, ಮಾಂಸ, ಮೀನು, ಮೊಟ್ಟೆ, ಪ್ರಾಣಿ ಕೊಬ್ಬು, ಆಯ್ಸ್ಟರ್ ಸಾಸ್ ಬೇಡ ಅಂತ ಚೀನೀಲಿ ಬರ್ದಿರೋ ಚೀಟಿ ಫೋನಲ್ಲಿ ತೋರ್ಸಿ.

ಇಂಡಿಯನ್ ಊಟ ಬೇಕೇ ಬೇಕು ಅನ್ನೋರಿಗೆ ತಾವ್‌ಜಿನ್, ಶಿಯಾವ್‌ಬೇ ಸ್ಟೇಷನ್ ಸುತ್ತ ಹೋಟ್ಲುಗಳಿವೆ. ಅದು 5ನೇ ಲೈನು, ಅರಬ್ಬರು, ಆಫ್ರಿಕಾದ ವ್ಯಾಪಾರಿಗಳೆಲ್ಲಾ ಓಡಾಡೋ ಏರಿಯಾ. ಮಧ್ಯಾಹ್ನಕ್ಕೆ ಫೇರ್ ಒಳಗೇ ಸಿಗತ್ತೆ. ಹೋಟೆಲ್ ರೂಮಲ್ಲಿ ಕೆಟಲ್ ಇದ್ದೇ ಇರತ್ತೆ, ನಲ್ಲಿ ನೀರು ಕಾಯಿಸದೇ ಕುಡಿಯೋ ಹಾಗಿಲ್ಲ ಅಲ್ವಾ, ಅದ್ರಲ್ಲೇ ಬಿಸಿನೀರಿಗೆ ಒಗ್ಗರಣೆ ಅವಲಕ್ಕಿ, ರೆಡಿ ಉಪ್ಪಿಟ್ಟು. ಚಟ್ನಿಪುಡಿ, ಖಾಖ್ರಾ ತಗೊಂಡ್ ಹೋಗಿ. ಹಣ್ಣು, ತರಕಾರಿ, ಬಿತ್ತನೆ ಬೀಜ, ಹಾಲಿನ ಪದಾರ್ಥ ಕಸ್ಟಮ್ಸಲ್ಲಿ ಬಿಡಲ್ಲ, ಅಮ್ಮ ಕಟ್ಟಿಕೊಟ್ಟ ತುಪ್ಪದ ಡಬ್ಬಿ ಮನೇಲೇ ಇರ್ಲಿ.

ಪ್ರಶ್ನೆ: ನನ್ನದು ಸಣ್ಣ ಬೊಟಿಕ್. ಫೇರಿಗಿಂತ ಬಟ್ಟೆ ಮಾರ್ಕೆಟ್ ನೋಡೋ ಆಸೆ. ಹೆಂಗಸು ಒಬ್ಳೇ ಹೋಗಬಹುದಾ? (ಶಿವಮೊಗ್ಗ)

ಧಾರಾಳವಾಗಿ ಹೋಗಿ ಮೇಡಂ. ರಾತ್ರಿ ಹತ್ತಕ್ಕೆ ಮೆಟ್ರೋದಿಂದ ಇಳ್ದು ರೂಮಿಗೆ ನಡ್ಕೊಂಡು ಹೋಗೋಕೆ ಭಯ ಪಡೋ ಊರಲ್ಲ ಅದು. ನೀವು ಹೇಳಿದ್ದು ಸರಿ, ಸಣ್ಣ ಪ್ರಮಾಣದಲ್ಲಿ ಕೊಳ್ಳೋರಿಗೆ ಫೇರಿಗಿಂತ ಮಾರ್ಕೆಟ್ಟೇ ವಾಸಿ. ಫೇರಲ್ಲಿ ಕೂತಿರೋರು ಒಂದು ಡಿಸೈನಿಗೆ ಸಾವಿರ ಮೀಟರ್ ಕೇಳೋರು. ಫೇರ್ ಇಲ್ದಿರೋ ವಾರ ನೋಡಿ ಹೋದ್ರೆ ರೂಮೂ ಸಸ್ತಾ.

ಥಾನ್ ಬಟ್ಟೆ, ಲೇಸ್, ಗುಂಡಿ, ಜಿಪ್ಪಿಗೆ ಝೋಂಗ್‌ದಾ ಮಾರ್ಕೆಟ್, ಸುನ್ ಯಾತ್ ಸೆನ್ ಯೂನಿವರ್ಸಿಟಿ ದಕ್ಷಿಣ ಬಾಗ್ಲ ಕಡೆ. ಅಂಗಡೀಲಿ ಪೂರ್ತಿ ಥಾನ್ ಇಟ್ಟಿರಲ್ಲ, ಗೋಡೆ ತುಂಬ ಕೈಯಗಲದ ಸ್ಯಾಂಪಲ್ ತುಂಡು ನೇತುಹಾಕಿರ್ತಾರೆ, ಅದ್ರ ಚೀಟೀಲಿ ನಂಬರ್, ಪನ್ನ, ತೂಕ ಬರ್ದಿರತ್ತೆ. ತುಂಡು ಕೇಳಿ ಈಸ್ಕೊಳ್ಳಿ, ಅಲ್ಲೇ ಮುಟ್ಟಿ, ಹಿಂಡಿ ನೋಡಿ, ರೂಮಿಗೆ ತಂದು ರಾತ್ರಿ ಒಂದ್ಸಲ ಒದ್ದೆ ಮಾಡಿ ಬಿಳಿ ಟವೆಲ್ ಮೇಲೆ ಉಜ್ಜಿ, ಬಣ್ಣ ಬಿಟ್ರೆ ಅಲ್ಲಿಗೇ ಮುಗೀತು. ರೆಡಿಮೇಡ್‌ಗೆ ರೈಲ್ವೆ ಸ್ಟೇಷನ್ ಹತ್ರ ಬೈಮಾ ಬಿಲ್ಡಿಂಗ್. ಶಿಸಾನ್‌ಹಾಂಗ್ ಅಂತ ಇನ್ನೊಂದಿದೆ, ಅದು ಪೂರಾ ಬೆಳಗಿನ ವ್ಯಾಪಾರ, ಊಟ ಮಾಡ್ಕೊಂಡು ನಿಧಾನಕ್ಕೆ ಹೋಗೋಣ ಅಂದ್ರೆ ಬಾಗ್ಲು ಎಳ್ದಿರ್ತಾರೆ. ತುಂಬಾ ಅಂಗಡೀಲಿ ಇಂಗ್ಲಿಷ್ ಬರಲ್ಲ, ರೇಟನ್ನ ಕ್ಯಾಲ್ಕುಲೇಟರಲ್ಲಿ ಒತ್ತಿ ತೋರಿಸ್ತಾರೆ, ನೀವೂ ಅದ್ರಲ್ಲೇ ಒತ್ತಿ ಚೌಕಾಸಿ ಮಾಡಿ. ಫೇರ್ ಬಾಗ್ಲಲ್ಲಿ, ಮಾರ್ಕೆಟ್ ಬಾಗ್ಲಲ್ಲಿ ಇಂಗ್ಲಿಷ್ ಮಾತಾಡ್ಕೊಂಡು ಮೈಮೇಲೆ ಬೀಳೋ ದಲ್ಲಾಳಿಗಳಿಂದ ದೂರ ಇರಿ, ಅವ್ರ ಕಮಿಷನ್ ನಿಮ್ಮ ರೇಟಲ್ಲೇ ಸೇರಿರತ್ತೆ.

ಫ್ರೆಂಡ್ ಮನೇಲಿ ಉಳ್ಕೊಳ್ಳೋ ಯೋಚನೆ ಇದೆ ಅಂತ ಬರ್ದಿದೀರಾ. ಹೋಟೆಲಾದ್ರೆ ಪೊಲೀಸ್ ರಿಜಿಸ್ಟ್ರೇಷನ್ ಅವ್ರೇ ಮಾಡ್ತಾರೆ, ಮನೆ ಆದ್ರೆ 24 ಗಂಟೆ ಒಳಗೆ ನೀವೇ ಮಾಡಿಸ್ಬೇಕು. ಮರೀಬೇಡಿ.

ಪ್ರಶ್ನೆ: ಆಟಿಕೆ ರೇಟ್ ನೋಡಿದ್ರೆ ಕಣ್ಣು ತಿರುಗತ್ತೆ, ಇಲ್ಲಿನ ಕಾಲು ಭಾಗ. ಸಪ್ಲೈಯರ್ 30 ಪರ್ಸೆಂಟ್ ಅಡ್ವಾನ್ಸ್ ಕೇಳ್ತಿದಾನೆ, ಕಳಿಸ್ಲಾ? (ಬಳ್ಳಾರಿ)

ಕಳಿಸ್ಬೇಡಿ, ಒಂದು ನಿಮಿಷ ನಿಲ್ಲಿ. 30 ಪರ್ಸೆಂಟ್ ಅಡ್ವಾನ್ಸ್, ಮಾಲು ರೆಡಿ ಆದ್ಮೇಲೆ ಉಳಿದ 70 ಅನ್ನೋದು ಅಲ್ಲಿನ ಮಾಮೂಲಿ ಪದ್ಧತಿ, ಅದ್ರಲ್ಲಿ ಮೋಸ ಏನಿಲ್ಲ. ತೊಂದ್ರೆ ಇರೋದು ನಮ್ಮ ಕಡೆ. 2021ರ ಜನವರಿ 1ರಿಂದ ಆಟಿಕೆಗೆ ಐಎಸ್ಐ ಮಾರ್ಕ್ ಕಡ್ಡಾಯ, ಚೀನಾ ಫ್ಯಾಕ್ಟರಿಗೇ ನಮ್ಮ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಲೈಸೆನ್ಸ್ ಇರ್ಬೇಕು. ಸ್ಟಾಲಿನವ್ರು ಸಿಇ ಇದೆ, ಸಿಸಿಸಿ ಇದೆ ಅಂತ ಸರ್ಟಿಫಿಕೇಟ್ ತೋರಿಸ್ತಾರೆ, ಅದು ಯುರೋಪಿಗೆ, ಚೀನಾಗೆ, ನಮ್ಮ ಕಸ್ಟಮ್ಸಿಗಲ್ಲ. ಲೈಸೆನ್ಸ್ ಇಲ್ದೇ ಮಾಲು ಬಂದ್ರೆ ಬಂದರಲ್ಲೇ ಕೂರತ್ತೆ, ದಿನಕ್ಕಿಷ್ಟು ಅಂತ ಬಾಡಿಗೆ ಏರ್ತಾ ಹೋಗತ್ತೆ. ಎಲ್ಇಡಿ, ಚಾರ್ಜರ್, ಪವರ್ ಬ್ಯಾಂಕ್ ತರ್ಸೋರಿಗೂ ಬಿಐಎಸ್ ರಿಜಿಸ್ಟ್ರೇಷನ್ ಬೇಕು. ರೇಟ್ ಕೇಳೋಕ್ಕಿಂತ ಮುಂಚೆ ನಿಮ್ಮ ಕಸ್ಟಮ್ಸ್ ಏಜೆಂಟ್ ಹತ್ರ ಕೂತು ಒಂದು ಟೀ ಕುಡೀರಿ.

ಮುಂದೆ ಯಾರಿಗೇ ಅಡ್ವಾನ್ಸ್ ಕಳಿಸೋದಾದ್ರೂ ಬಿಸಿನೆಸ್ ಲೈಸೆನ್ಸಲ್ಲಿರೋ ಕಂಪನಿ ಹೆಸರು, ಬ್ಯಾಂಕ್ ಅಕೌಂಟ್ ಹೆಸರು ಒಂದೇನಾ ನೋಡಿ. ‘ನಮ್ಮ ಅಕೌಂಟ್ ಬದಲಾಗಿದೆ’ ಅಂತ ಇಮೇಲ್ ಬಂದ್ರೆ ವೀಚಾಟ್ ವಿಡಿಯೋ ಕಾಲ್ ಮಾಡಿ ಮುಖ ನೋಡಿ ಕೇಳಿ.

ಪ್ರಶ್ನೆ: ಫ್ಯಾಕ್ಟರಿಯವ್ರು ರಾತ್ರಿ ಊಟಕ್ಕೆ ಕರೀತಾರಂತೆ, ನಾನು ಕುಡಿಯಲ್ಲ. ಬೇಜಾರ್ ಮಾಡ್ಕೊಳ್ತಾರಾ? (ಬೆಳಗಾವಿ)

ಮೊದಲ್ನೇ ಗ್ಲಾಸಿಗೇ ಬೇಡ ಅನ್ನಿ, ಡಾಕ್ಟ್ರು ಬೇಡ ಅಂದಿದಾರೆ ಅಂದ್ರೂ ನಡೆಯತ್ತೆ, ಟೀನಲ್ಲೇ ಚಿಯರ್ಸ್ ಮಾಡಿ. ಎರಡು ಗ್ಲಾಸ್ ಕುಡಿದು ಮೂರನೇದಕ್ಕೆ ಒಲ್ಲೆ ಅಂದ್ರೆ ಒತ್ತಾಯ ತಪ್ಪಿದ್ದಲ್ಲ. ಗ್ವಾಂಗ್‌ಡಾಂಗ್ (ಗ್ವಾಂಗ್‌ಝೌ ಇರೋ ಪ್ರಾಂತ್ಯ) ಕಡೆಯವ್ರು ಉತ್ತರದವ್ರಷ್ಟು ಬಲವಂತ ಮಾಡಲ್ಲ, ಟೀ ಕುಡಿಯೋ ಜನ. ನಿಮ್ಮ ಕಪ್ಪಿಗೆ ಯಾರಾದ್ರೂ ಟೀ ಬಗ್ಗಿಸಿದಾಗ ಎರಡು ಬೆರಳು ಮಡ್ಸಿ ಟೇಬಲ್ ಮೇಲೆ ಮೆಲ್ಲಗೆ ತಟ್ಟಿ, ಅಲ್ಲಿ ಅದೇ ಥ್ಯಾಂಕ್ಸ್. ಕೂತ ತಕ್ಷಣ ಬಟ್ಟಲು, ಕಡ್ಡಿ ಎಲ್ಲಾ ಬಿಸಿ ಟೀನಲ್ಲಿ ತೊಳೀತಾರೆ, ಅದನ್ನ ಕುಡಿಯೋಕೆ ಹೋಗ್ಬೇಡಿ. ವಿಸಿಟಿಂಗ್ ಕಾರ್ಡ್ ಎರಡು ಕೈಲಿ ಕೊಡಿ, ತಗೊಂಡಿದ್ದನ್ನ ಒಂದ್ಸಲ ಓದಿ ಇಟ್ಕೊಳ್ಳಿ. ಟಿಪ್ಸ್ ಕೊಡೋ ರೂಢಿ ಇಲ್ಲ. ಗಿಫ್ಟ್ ಒಯ್ಯೋದಾದ್ರೆ ಗಡಿಯಾರ ಬೇಡ, ಅಪಶಕುನ ಅಂತಾರೆ.

ಫ್ಯಾಕ್ಟರಿಗೆ ಹೋಗೋದಿದ್ರೆ ನಿಮ್ಮದೇ ದುಡ್ಡಲ್ಲಿ ನಿಮ್ಮದೇ ದುಭಾಷಿ ಕರ್ಕೊಂಡು ಹೋಗಿ. ಹನ್ನೆರಡರಿಂದ ಒಂದೂವರೆ ಎರಡರವರೆಗೆ ಊಟ, ನಿದ್ದೆ, ಆ ಹೊತ್ತಿಗೆ ಅಪಾಯಿಂಟ್‌ಮೆಂಟ್ ಇಟ್ಕೋಬೇಡಿ. ಚೀನೀ ಹೊಸ ವರ್ಷದ ಆಸುಪಾಸಂತೂ ವಾರಗಟ್ಟಲೆ ಫ್ಯಾಕ್ಟರಿ ಬಂದ್, ಯುಗಾದಿಗೆ ಮಾಲು ಬೇಕಿದ್ರೆ ಆರ್ಡರ್ ಅದಕ್ಕೂ ಸಾಕಷ್ಟು ಮುಂಚೆ ಕೊಟ್ಟಿರ್ಬೇಕು.

ಪ್ರಶ್ನೆ: ಪವರ್ ಬ್ಯಾಂಕ್ ಕಿತ್ಕೊಳ್ತಾರೆ ಅಂತಾರಲ್ಲ? ನಮ್ಮ ಪ್ಲಗ್ ಹಿಡಿಯತ್ತಾ? (ಮಂಗಳೂರು)

2025ರ ಜೂನ್ 28ರಿಂದ ಚೀನಾದ ಒಳಗಿನ ಫ್ಲೈಟುಗಳಲ್ಲಿ 3ಸಿ ಗುರುತು (ಮೇಲೆ ಹೇಳಿದ ಸಿಸಿಸಿನೇ) ಇಲ್ದಿರೋ ಪವರ್ ಬ್ಯಾಂಕ್ ಬಿಡಲ್ಲ. ಗ್ವಾಂಗ್‌ಝೌದಿಂದ ಶಾಂಘೈಗೋ ಬೀಜಿಂಗಿಗೋ ಫ್ಲೈಟ್ ಹಿಡಿಯೋರು ಇಲ್ಲಿಂದ ಒಯ್ದಿದ್ದನ್ನ ಸೆಕ್ಯುರಿಟೀಲೇ ಬಿಟ್ಟು ಹೋಗ್ಬೇಕಾಗತ್ತೆ, ಅಲ್ಲೇ ಗುರುತಿರೋದು ಒಂದು ಕೊಂಡ್ಕೊಳ್ಳಿ. ಕರೆಂಟ್ ಹೆಚ್ಚೂಕಮ್ಮಿ ನಮ್ಮ ಥರಾನೇ, ಅಲ್ಲಿ 220 ವೋಲ್ಟ್, ನಮ್ಮಲ್ಲಿ 230. ಫೋನಿನ ಎರಡು ಪಿನ್ನಿನ ಚಾರ್ಜರ್ ಬಹಳ ಕಡೆ ಹಿಡಿಯತ್ತೆ, ಲ್ಯಾಪ್‌ಟಾಪಿನ ದಪ್ಪ ಮೂರು ಪಿನ್ ಹಿಡಿಯಲ್ಲ, ಅದಕ್ಕೊಂದು ಅಡಾಪ್ಟರ್ ಇಟ್ಕೊಳ್ಳಿ.